ನಾಲೆ, ನಾಳೆ

ಹದಿನಾಲ್ಕನೆಯವಳು ಇವಳು.
ಬಂದರಿನಿಂದ ಫೆರಿ ಹತ್ತಿ ಬಂದವಳ
ಚೀಲದ ಗಾಲಿ ಬೆಂಗ್ರೆಯ ಹೊಯ್ಗೆಯಲ್ಲಿ ಹೂತು,
ಕೊನೆಗೆ ಕೂಸನ್ನು ಎತ್ತಿಕೊಂಡ ಹಾಗೆ
ಚೀಲ ಎತ್ತಿಕೊಂಡು ನಡೆದಳು.
ಮಕ್ಕಳು ಕೇಳಿದ ಮೊದಲ ಪ್ರಶ್ನೆ
ಹೆಸರೇನು ಎಂದಲ್ಲ.
"ಈರ್ ಏಪ ಪೋಪರ್?"
ಏನಂತೆ ಎಂದು ನನ್ನ ಮುಖ ನೋಡಿದಳು.
ಯಾವಾಗ ಹೋಗ್ತೀರಿ ಅಂತ ಎನ್ನಲು ಬಾಯಿ ಬರಲಿಲ್ಲ.
ಊಟ ಆಯಿತಾ ಅಂತ ಕೇಳ್ತಾರೆ, ಎಂದೆ.

ಹೆಸರು ಮಾರೀಕೆ. ಹಾಲೆಂಡಿನವಳು.
ಅವಳ ಊರು ಸಮುದ್ರಕ್ಕಿಂತ ತಗ್ಗಿನಲ್ಲಿದೆಯಂತೆ;
ಮೀನುಗಾರರ ಮಕ್ಕಳು ಅದನ್ನು ಮಾತ್ರ ನಂಬಲಿಲ್ಲ.
ಸಂಜೆಯೊಳಗೆ ಮಾರಿಯಕ್ಕ ಆದಳು,
ಮರುದಿನ ಬಿಸ್ಕೆಟಕ್ಕ.

ನಮ್ಮ ಕೇಂದ್ರದ ಗೋಡೆಗೆ ಬಂದವರೆಲ್ಲ ಬಣ್ಣ ಬಳಿದಿದ್ದಾರೆ.
ಒಬ್ಬಳ ಸೂರ್ಯನ ಮೇಲೆ ಇನ್ನೊಬ್ಬನ ಭೂಪಟ,
ಅದರ ಮೇಲೆ ಕನ್ನಡಕ ಹಾಕಿದ ಆಮೆ.
ಉಪ್ಪುಗಾಳಿಗೆ ಪದರ ಎದ್ದು
ಆಫ್ರಿಕಾದ ಕೆಳಗಿನಿಂದ ಹಳೇ ಸೂರ್ಯ ಇಣುಕುತ್ತಾನೆ.
ಫೋಟೋ ತೆಗೆಸಿಕೊಂಡು ಹೋದವರು ಯಾರೂ
ಇದನ್ನು ನೋಡಿಲ್ಲ.
ಇವಳಿಗೂ ಕುಂಚ ಕೊಟ್ಟೆ.
ಬೇಡ ವಾರಿಜಾ, ಎಂದಳು. ನನಗೆ ಅ ಆ ಕಲಿಸು.

ನನ್ನನ್ನೂ ಒಬ್ಬಳು ಕರೆದಿದ್ದಳು ಹಿಂದೆ,
ನಮ್ಮ ದೇಶಕ್ಕೆ ಬಾ, ಅಲ್ಲಿ ಕಲಿಸು ಎಂದು.
ನಕ್ಕಿದ್ದೆ. ನನ್ನ ಪರದೇಶವೆಂದರೆ
ಹೊಳೆಯಾಚೆಯ ಬಂದರು,
ಹೋಗಲು ಹತ್ತು ರೂಪಾಯಿ, ಬರಲು ಹತ್ತು.

ಕೊನೆಯ ಬೆಂಚಿನಲ್ಲಿ ಹುಲಗಪ್ಪನ ಪಕ್ಕ ಕೂತಳು.
ಅವನೂ ಹೊಸಬನೇ. ಸಿಂಧನೂರಿನ ಕಡೆಯವರು,
ತಂದೆ ಧಕ್ಕೆಯಲ್ಲಿ ಮಂಜುಗಡ್ಡೆ ಒಡೆಯುವವನು.
ತುಳು ಬಾರದು ಅವನಿಗೆ, ಬ್ಯಾರಿ ಬಾರದು,
ಅವನ ಕನ್ನಡ ಕೇಳಿದರೆ ನಮ್ಮ ಮಕ್ಕಳಿಗೆ ನಗು.
ಈಗ ನಗಲಿಕ್ಕೆ ಅವನಿಗೂ ಒಬ್ಬಳು ಸಿಕ್ಕಳು.

ಅವಳಿಗೆ ಳ ಬರುತ್ತಿರಲಿಲ್ಲ.
ಮಲೆ ಬಂತು ಎಂದರೆ ಮಳೆ. ಬಾಲೆಹಣ್ಣು. ಮಂಗಲೂರು.
ಸಂಜೆ ಬಾಗಿಲಲ್ಲಿ ಕೈ ಬೀಸಿ,
"ನಾಲೆ ಬರ್ತೇನೆ."
ಹುಲಗಪ್ಪ ಹೊಟ್ಟೆ ಹಿಡಿದುಕೊಂಡ.
"ನಾಲೆ ನಮ್ಮೂರಾಗ ಐತ್ರೀ ಅಕ್ಕಾರ,
ಅದರಾಗ ತೇಲಿಕೋತ ಬರ್ತೀರೇನು?
ನಾಲಿಗಿ ಮ್ಯಾಲಕ್ಕ ಮಡಚ್ರಿ,
ಬಾಯಾಗಿನ ಮಾಳಿಗಿಗೆ ಹಚ್ರಿ, ಬಿಡ್ರಿ."
ಮಡಚಿದಳು, ಹಚ್ಚಿದಳು.
ಬಿಟ್ಟರೆ ಮತ್ತೆ ನಾಲೆಯೇ ಹರಿಯಿತು.

ಜೂನ್ ಹನ್ನೆರಡಕ್ಕೆ ಅವಳ ವಿಮಾನ.
ಮಲ್ಲಿಗೆ ಚೆಂಡಿಗೆ ಹೇಳಿಟ್ಟಿದ್ದೆ,
ಯಾರೂ ಅಳಬಾರದು ಎಂದು ಮಕ್ಕಳಿಗೂ.
ಹದಿಮೂರು ಸಲ ಬೀಳ್ಕೊಟ್ಟ ಮಕ್ಕಳು,
ಅವರಿಗೆ ಹೇಳುವ ಅಗತ್ಯವಿರಲಿಲ್ಲ.

ಮೇ ಮುಗಿದ ರಾತ್ರಿ ಬೋಟುಗಳೆಲ್ಲ ದಡ ಸೇರಿದವು.
ಇನ್ನೆರಡು ತಿಂಗಳು ಕಡಲಿಗೆ ರಜೆ.
ಮೀನಿಲ್ಲದ ಮೇಲೆ ಮಂಜುಗಡ್ಡೆ ಯಾರಿಗೆ?
ಬೆಳಿಗ್ಗೆ ಕೊನೆಯ ಬೆಂಚಿನಲ್ಲಿ ಅವಳೊಬ್ಬಳೇ.
ಹಾಜರಿ ಕರೆದೆ. ಹುಲಗಪ್ಪ.
ಇನ್ನೊಮ್ಮೆ, ಹುಲಗಪ್ಪ.
"ನಿನ್ನೆ ರಾತ್ರಿ ಬಸ್ಸಿಗೆ ಹೋದ್ರು ಟೀಚರ್,
ಪಾತ್ರೆ ಸಮೇತ," ಎಂದಳು ಸಫ್ರೀನಾ.
ಅವನನ್ನು ಮಾತ್ರ ಯಾರೂ ಕೇಳಿರಲಿಲ್ಲ,
ಈ ಏಪ ಪೋಪ ಎಂದು.

ಸಫ್ರೀನಾಳ ಮಾತು ಅವಳಿಗೆ ತಿಳಿಯಲಿಲ್ಲ.
ನನ್ನ ಮೇಜಿನ ಬಳಿ ಬಂದು ನಿಂತಳು,
ಪದಕ್ಕೆ ಪದ ಜೋಡಿಸಿ ಕೇಳಿದಳು,
"ಅವನು ನಾಳೆ ಬರ್ತಾನಾ?"

ಳ.
ಮಾಳಿಗೆ ಮುಟ್ಟಿ ಇಳಿದು ಬಂದ, ದುಂಡನೆಯ ಳ.

ಹನ್ನೊಂದು ವರ್ಷ ಕಾಗುಣಿತ ತಿದ್ದಿದ ಕಿವಿ ನನ್ನದು,
ಪ್ರಶ್ನೆಗಿಂತ ಮೊದಲು ಅಕ್ಷರ ಕೇಳಿಸುತ್ತದೆ.
"ಸರಿ," ಎಂದುಬಿಟ್ಟೆ.

ಮರುದಿನ ನಾನು ಬೀಗ ತೆಗೆಯುವ ಮೊದಲೇ
ಜಗಲಿಯಲ್ಲಿ ಕೂತಿದ್ದಳು,
ಒದ್ದೆ ಕೊಡೆ ಪಕ್ಕಕ್ಕಿಟ್ಟು,
ಬೆಲೆಯ ಚೀಟಿ ಇನ್ನೂ ಕೀಳದ
ಕಂಪಾಸ್ ಪೆಟ್ಟಿಗೆ ಮಡಿಲಲ್ಲಿ.